ಗಾಳಕ್ಕೆ ಬಿದ್ದ ಮೀನಿನ ಬಣ್ಣ ಬೇರೆಯಾಗಿದ್ದರೆ: ಪುಣೆಯ ದಡಗಳಲ್ಲಿ ಏನು ನೋಡಬೇಕು, ಏನು ಬರೆದಿಡಬೇಕು

ಖಡಕ್‌ವಾಸ್ಲಾದಲ್ಲಿ ಬೆಳಗಿನ ಏಳಕ್ಕೆ ಗಾಳ ಕಚ್ಚಿದ ಕಾಟ್ಲಾ ನೀರಲ್ಲಿದ್ದಾಗ ಮಸಿಬಣ್ಣ. ಒದ್ದೆ ಚಾಪೆಯ ಮೇಲೆ ಎರಡು ನಿಮಿಷ ಮಲಗಿತೋ, ಬೂದಿಬಣ್ಣ. ಐಸ್ ಡಬ್ಬದಲ್ಲಿ ಮನೆಗೆ ಬರುವಷ್ಟರಲ್ಲಿ ಬಿಳಿಚಿಕೊಂಡಿರುತ್ತದೆ. ಮೂರೂ ಹೊತ್ತಿನ ಫೋಟೋ ಪಕ್ಕಪಕ್ಕ ಇಟ್ಟರೆ ಮೂರು ಮೀನು ಅಂತಲೇ ಜನ ವಾದ ಮಾಡುತ್ತಾರೆ. ಹಾಗಾಗಿ ‘ಅಪರೂಪದ ಬಣ್ಣ’ ಎಂಬ ಮಾತು ಬಾಯಿಗೆ ಬರುವ ಮೊದಲು ಐದು ಮಾಮೂಲಿ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು: ನೀರು, ಗಾಬರಿ, ಬೆದೆಗಾಲ, ರೋಗ, ಸಾಕಿದ ತಳಿ. ಐದೂ ಅಲ್ಲ ಎಂದಾದರೆ ಮಾತ್ರ ಎರಡು ಸಾಧ್ಯತೆ ಉಳಿಯುತ್ತವೆ. ಒಂದು, ಹುಟ್ಟಿನಿಂದಲೇ ಬಂದ ಬಣ್ಣದ ವ್ಯತ್ಯಾಸ. ಇನ್ನೊಂದು, ನೀವು ಅಂದುಕೊಂಡ ಜಾತಿಯೇ ಅದಲ್ಲ. ಎರಡನೆಯದನ್ನು ಗಾಳದವರು ಬಹಳ ಸಲ ಮರೆಯುತ್ತಾರೆ.

ಹೆಸರಿನ ಗೊಂದಲ ಮೊದಲು ಮುಗಿಸಿಕೊಳ್ಳೋಣ. ಇಲ್ಲಿನ ದಡದಲ್ಲಿ ಮಾತು ಮರಾಠಿ, ಮನೆಯಲ್ಲಿ ಕನ್ನಡ. ಉಜನಿಯ ಮೀನುಗಾರ ‘ಚಿಲಾಪಿ’ ಅಂದರೆ ನಮ್ಮ ಜಿಲೇಬಿ ಮೀನು, ತಿಲಾಪಿಯಾ. ‘ಮರಳ’ ಅಂದರೆ ಕೊರಮೀನು. ‘ಸಿಪ್ರಿನಸ್’ ಅಂದರೆ ಸಾಮಾನ್ಯ ಗೆಂಡೆ. ಭೀಮಾಶಂಕರದಲ್ಲಿ ಹುಟ್ಟಿ ಉಜನಿಯಲ್ಲಿ ನಿಂತು ಕಲಬುರಗಿ ಕಡೆಗೆ ಇಳಿಯುವ ಭೀಮೆಯ ಮೀನು ಎರಡೂ ಕಡೆ ಒಂದೇ, ಹೆಸರು ಮಾತ್ರ ಬದಲು. ಟಿಪ್ಪಣಿ ಬರೆಯುವಾಗ ಮೀನು ತೋರಿಸಿದವರು ಹೇಳಿದ ಹೆಸರನ್ನೂ ಹಾಗೆಯೇ ಬರೆದುಕೊಳ್ಳಿ, ಆಮೇಲೆ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. ಪುಣೆ ಸುತ್ತಲಿನ ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಗಳ ಗುತ್ತಿಗೆಯಲ್ಲಿರುತ್ತದೆ. ಕೇಳಿ, ಒಪ್ಪಿಗೆ ಪಡೆದು ಕೂರಿ. ಖಡಕ್‌ವಾಸ್ಲಾದಲ್ಲಿ ಎನ್‌ಡಿಎ (ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಕಡೆಯ ದಡಕ್ಕೆ ಕಾಲಿಡುವಂತಿಲ್ಲ. ಮಹಾಡ್ ಹತ್ತಿರದ ವಾಳಣ ಕೊಂಡದಂಥ ದೇವರ ಮಡುಗಳಲ್ಲಿ ಗಾಳದ ಮಾತೇ ಎತ್ತಬೇಡಿ. ಅಲ್ಲಿ ಮಹಶೀರ್ (ಗೆಂಡೆ ಬಳಗದ ದೊಡ್ಡ ನದಿಮೀನು) ನೋಡಬೇಕೆಂದರೆ ದಡದಲ್ಲಿ ನಿಂತು ಮಂಡಕ್ಕಿ ಎಸೆಯುವುದಷ್ಟೇ ನಮ್ಮ ಕೆಲಸ.

ಬಣ್ಣ ಇರುವುದೆಲ್ಲಿ

ಮೀನಿನ ಚರ್ಮದಲ್ಲಿ ಬಣ್ಣದ ಕೋಶಗಳು ಮುಖ್ಯವಾಗಿ ನಾಲ್ಕು ಬಗೆ. ಕಪ್ಪು ಮೆಲನಿನ್ ತುಂಬಿದವು, ಹಳದಿಯವು, ಕೆಂಪಿನವು, ಮತ್ತು ಬಣ್ಣವೇ ಇಲ್ಲದೆ ಬೆಳಕನ್ನು ಕನ್ನಡಿಯಂತೆ ತಿರುಗಿಸುವ ಬೆಳ್ಳಿ ಕೋಶಗಳು. ಬೆಳ್ಳಿ ಹೊಳಪು ಬರುವುದು ಗ್ವಾನಿನ್ ಎಂಬ ವಸ್ತುವಿನ ತೆಳು ಹರಳುಗಳಿಂದ. ಹಳದಿ, ಕೆಂಪು ಬಹುಮಟ್ಟಿಗೆ ಮೀನು ತಿಂದ ಪಾಚಿ, ಸೀಗಡಿ, ಹುಳುಗಳಿಂದ ಬರುವ ಕೆರೋಟಿನ್ ಬಗೆಯ ಬಣ್ಣ. ಮೀನು ಅದನ್ನು ತಾನೇ ತಯಾರಿಸಿಕೊಳ್ಳಲಾರದು. ಒಂದೇ ಕೆರೆಯ ಎರಡು ಮೂಲೆಯ ಗೆಂಡೆಗಳು ಒಂದು ಹೊಂಬಣ್ಣ, ಇನ್ನೊಂದು ಸಪ್ಪೆ ಆಗಲು ಊಟದ ವ್ಯತ್ಯಾಸವೂ ಸಾಕು.

ಕಪ್ಪು ಕೋಶದ ಕೆಲಸ ಅರ್ಥವಾದರೆ ಅರ್ಧ ಗೊಂದಲ ಬಗೆಹರಿದಂತೆ. ಒಂದು ಮುಷ್ಟಿ ಕರಿ ಎಳ್ಳನ್ನು ತಟ್ಟೆಯ ನಡುವೆ ಗುಡ್ಡೆ ಹಾಕಿದರೆ ತಟ್ಟೆ ಬಿಳಿಯಾಗಿಯೇ ಕಾಣುತ್ತದೆ, ನಡುವೆ ಒಂದು ಚುಕ್ಕೆ ಅಷ್ಟೆ. ಅದೇ ಎಳ್ಳನ್ನು ಅಂಗೈಯಿಂದ ಹರಡಿದರೆ ತಟ್ಟೆಯೇ ಕಪ್ಪು. ಮೆಲನಿನ್ ಕಣಗಳು ಕೋಶದೊಳಗೆ ಹೀಗೆ ಗುಡ್ಡೆಯಾಗುವುದು, ಹರಡುವುದು ನರ ಮತ್ತು ಹಾರ್ಮೋನಿನ ಹಿಡಿತದಲ್ಲಿದ್ದು, ಕೆಲವೇ ನಿಮಿಷಗಳಲ್ಲಿ ನಡೆದುಹೋಗುತ್ತದೆ. ಇದು ತಾತ್ಕಾಲಿಕ. ಮೀನು ವಾರಗಟ್ಟಲೆ ಕಪ್ಪು ತಳದ ಮೇಲೆಯೇ ಇದ್ದರೆ ಕಪ್ಪು ಕೋಶಗಳ ಸಂಖ್ಯೆಯೇ ಹೆಚ್ಚುತ್ತದೆ. ಆ ಬಣ್ಣ ಬೇಗ ಹೋಗುವುದಿಲ್ಲ. ಈ ಎರಡಕ್ಕೂ ಹುಟ್ಟುಬಣ್ಣದ ವ್ಯತ್ಯಾಸಕ್ಕೂ ಸಂಬಂಧವಿಲ್ಲ.

ಮೊದಲು ಕಣ್ಣು

ಮೀನು ಬಲೆಯ ಬುಟ್ಟಿಗೆ ಬಂದ ಕೂಡಲೇ, ಇನ್ನೂ ನೀರಲ್ಲಿದ್ದಾಗಲೇ, ಕಣ್ಣು ನೋಡಿ. ಕಣ್ಣಿನ ಸುತ್ತಿನ ಬಳೆ ಅಲ್ಲ, ನಡುವಿನ ಪಾಪೆ. ನಿಜವಾದ ಆಲ್ಬಿನೋದಲ್ಲಿ ಮೆಲನಿನ್ ಎಲ್ಲೂ ಇರುವುದಿಲ್ಲ, ಕಣ್ಣಿನ ಹಿಂಭಾಗದಲ್ಲೂ ಇಲ್ಲ. ಅಲ್ಲಿನ ರಕ್ತನಾಳಗಳ ಕೆಂಪು ಪಾಪೆಯ ಮೂಲಕ ಹೊರಗೆ ಕಾಣುತ್ತದೆ. ಮೈ ಬಿಳಿ ಅಥವಾ ತಿಳಿಹಳದಿ, ಪಾಪೆ ಗುಲಾಬಿ, ಎರಡೂ ಇದ್ದರೆ ಆಲ್ಬಿನೋ. ಮೈ ಬಿಳಿಯಿದ್ದು ಪಾಪೆ ಕಪ್ಪಗೇ ಇದ್ದರೆ ಅದು ಲ್ಯೂಸಿಸಂ: ಚರ್ಮದ ಬಣ್ಣ ಕಡಿಮೆ, ಕಣ್ಣಿನದು ಸರಿಯಾಗಿದೆ.

ಇಲ್ಲಿ ತಪ್ಪು ಆಗುವುದು ಎರಡು ಕಡೆ. ರೋಹುವಿನ ಕಣ್ಣಿನ ಬಳೆ ಸ್ವಭಾವತಃ ಕೆಂಪು ಛಾಯೆಯದು, ಅದನ್ನು ನೋಡಿ ಆಲ್ಬಿನೋ ಎಂದು ಕುಣಿಯುವವರಿದ್ದಾರೆ. ಎರಡನೆಯದು ಮೊಬೈಲ್ ಫ್ಲ್ಯಾಶ್. ಫ್ಲ್ಯಾಶ್ ಬೆಳಕು ಕಣ್ಣೊಳಗೆ ಹೋಗಿ ತಿರುಗಿ ಬಂದರೆ ಯಾವ ಪಾಪೆಯೂ ಹೊಳೆದೀತು. ಹಾಗಾಗಿ ಕಣ್ಣನ್ನು ಹಗಲು ಬೆಳಕಿನಲ್ಲಿ, ನೆರಳಲ್ಲಿ, ಬರಿಗಣ್ಣಿನಿಂದ ನೋಡಬೇಕು. ಪೋಲರಾಯ್ಡ್ ತಂಪು ಕನ್ನಡಕ ತೆಗೆದಿಡಿ.

ಕಣ್ಣು ನೋಡುವಾಗಲೇ ಇನ್ನೊಂದು ಪರೀಕ್ಷೆ ಮುಗಿಯುತ್ತದೆ. ಪಾಪೆ ಹಾಲು ಕಟ್ಟಿದಂತೆ ಮಸುಕಾಗಿದೆಯೇ? ಗಾಯವಾಗಿದೆಯೇ? ಮೀನು ಸುತ್ತಲಿನ ತಳ ಎಷ್ಟು ಬೆಳ್ಳಗಿದೆ ಎಂಬುದನ್ನು ಅಳೆಯುವುದೇ ಕಣ್ಣಿನಿಂದ. ಕುರುಡಾದ ಮೀನಿಗೆ ಆ ಸುದ್ದಿ ಬರುವುದಿಲ್ಲ, ಬಹಳಷ್ಟು ಜಾತಿಗಳಲ್ಲಿ ಮೈ ಕಪ್ಪಾಗಿಯೇ ಉಳಿಯುತ್ತದೆ. ಗುಂಪಿನಲ್ಲಿ ಎಲ್ಲವೂ ಬೆಳ್ಳಿ, ಒಂದೇ ಒಂದು ಇದ್ದಿಲಿನಂತೆ ಕಪ್ಪು, ಮೇಲಾಗಿ ಸೊರಗಿದೆ ಎಂದರೆ ‘ಅಪರೂಪದ ಕರಿ ಮೀನು’ ಅಲ್ಲ. ಪಾಪ, ಅದಕ್ಕೆ ಕಣ್ಣು ಕಾಣುವುದಿಲ್ಲ.

ಬಿಳಿ, ಮತ್ತು ಬಿಳಿಯಂತೆ ಕಾಣುವುದು

ಮಳೆಗಾಲದಲ್ಲಿ ಮುಳ್ಶಿ, ಪಾನ್‌ಶೇತ್ ಕಡೆಯಿಂದ ಕೆಂಪು ಹೊಸ ನೀರು ಇಳಿದಾಗ ಮೀನುಗಳೆಲ್ಲ ಬಿಳಿಚಿಕೊಳ್ಳುತ್ತವೆ. ಕದಡಿದ ನೀರಿನಲ್ಲಿ ತೇಲುವ ಮಣ್ಣು ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ, ಮೀನಿಗೆ ಸುತ್ತಲೂ ತಿಳಿ ಗೋಡೆ ಇದ್ದಂತೆ. ಅದಕ್ಕೆ ತಕ್ಕಂತೆ ಎಳ್ಳು ಗುಡ್ಡೆಯಾಗುತ್ತದೆ. ಹತ್ತಿರದಲ್ಲೇ ಇನ್ನೂ ಎರಡು ಮೀನು ಹಿಡಿದು ನೋಡಿ. ಎಲ್ಲವೂ ಬಿಳಿಚಿದ್ದರೆ ವಿಷಯ ಮುಗಿಯಿತು.

ಬಿಳಿ ಚುಕ್ಕೆಗಳಾದರೆ ಅವು ಎಲ್ಲಿವೆ ಎಂಬುದನ್ನು ನೋಡಿ. ಮೈಮೇಲೆ, ಈಜುರೆಕ್ಕೆಗಳ ಮೇಲೆ ಸಣ್ಣ ರವೆ ಚೆಲ್ಲಿದಂತೆ, ಅರ್ಧದಿಂದ ಒಂದು ಮಿಲಿಮೀಟರ್ ಇದ್ದರೆ ಅದು ಬಿಳಿಚುಕ್ಕೆ ರೋಗ, ಏಕಕೋಶದ ಪರಾವಲಂಬಿ. ಹತ್ತಿಯ ಎಳೆಯಂತೆ ಮೆತ್ತಗೆ ಅಂಟಿಕೊಂಡಿದ್ದರೆ ಬೂಷ್ಟು, ಸಾಮಾನ್ಯವಾಗಿ ಹಳೆಯ ಗಾಯದ ಮೇಲೆ. ಆದರೆ ಮೂತಿ ಮತ್ತು ಕಿವಿರು ಮುಚ್ಚಳದ ಮೇಲೆ ಮಾತ್ರ, ಗಟ್ಟಿಯಾದ, ಕೈಗೆ ಗರಗಸದಂತೆ ಹತ್ತುವ ಬಿಳಿ ಗುಳ್ಳೆಗಳಿದ್ದರೆ ಅದು ಕಾಯಿಲೆಯಲ್ಲ. ಗೆಂಡೆ ಬಳಗದ ಎಷ್ಟೋ ಗಂಡುಗಳಿಗೆ ಬೆದೆಗಾಲದಲ್ಲಿ ಬರುವ ಗುಳ್ಳೆಗಳವು. ಹೊಟ್ಟೆ ಮೆಲ್ಲಗೆ ಸವರಿದರೆ ಬಿಳಿ ರಸ ಜಿನುಗೀತು, ಆದರೆ ಹಾಗೆ ಪರೀಕ್ಷಿಸುವುದು ಬೇಡ. ಸುಮ್ಮನೆ ಬಿಡಿ, ಅದಕ್ಕೆ ಬೇರೆ ಕೆಲಸವಿದೆ.

ಹಳದಿ, ಕಿತ್ತಳೆ, ಕೆಂಪು

ಇಲ್ಲಿಯೇ ಹೆಚ್ಚು ಮೋಸ ಹೋಗುವುದು. ಮೊದಲು ಮೀಸೆ ಎಣಿಸಿ. ಕೆಂಪು-ಬಿಳಿ ಮಚ್ಚೆಯ ಗೆಂಡೆಗೆ ಬಾಯಿಯ ಬಳಿ ಎರಡು ಜೊತೆ ಮೀಸೆಯಿದ್ದರೆ ಅದು ಕೊಯಿ, ಅಂದರೆ ಜಪಾನಿನ ನಿಗಾತಾ ಕಡೆಯಲ್ಲಿ ಬಣ್ಣಕ್ಕಾಗಿ ಬೆಳೆಸಿದ ಸಾಮಾನ್ಯ ಗೆಂಡೆ. ಮೀಸೆಯೇ ಇಲ್ಲದಿದ್ದರೆ ಗೋಲ್ಡ್‌ಫಿಶ್. ಎರಡೂ ಯಾರದೋ ಮನೆಯ ತೊಟ್ಟಿಯಿಂದ, ಅಪಾರ್ಟ್‌ಮೆಂಟಿನ ಕೊಳದಿಂದ ಬಂದವು. ಗುಲಾಬಿ-ಕಿತ್ತಳೆ ತಿಲಾಪಿಯಾ ಸಿಕ್ಕರೆ ಅದು ಸಾಕಣೆ ಹೊಂಡದ ಕೆಂಪು ತಿಲಾಪಿಯಾ ಎಂಬುದೇ ಮೊದಲ ಊಹೆಯಾಗಿರಲಿ.

ಕೊರಮೀನಿನ ಮರಿಗಳು ಕಿತ್ತಳೆ-ಕೆಂಪು ಗುಂಪಾಗಿ ಮೇಲ್ಮೈಯಲ್ಲಿ ಗುಳುಗುಳು ಎನ್ನುತ್ತ ಸಾಗುತ್ತವೆ, ಕೆಳಗೆ ತಾಯಿ-ತಂದೆ ಕಾವಲು. ಬೆಳೆದಂತೆ ಆ ಬಣ್ಣ ಹೋಗುತ್ತದೆ. ಆ ಗುಂಪಿನ ಮೇಲೆ ಕಪ್ಪೆ ಎಸೆದು ಕಾವಲಿನ ಮೀನನ್ನು ಎತ್ತುವುದು ಸುಲಭ. ಸುಲಭವೆಂದೇ ಮಾಡಬಾರದು, ಮರಿಗಳು ಅನಾಥವಾಗಿ ಬೇರೆ ಮೀನಿನ ಬಾಯಿಗೆ ಹೋಗುತ್ತವೆ. ರೋಹುವಿಗೂ ಬೆದೆಗಾಲದಲ್ಲಿ ಒಂದೊಂದು ಹುರುಪೆಯ ಮೇಲೂ ಕೆಂಪು ಗುರುತು ಮೂಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ‘ಕೆಂಪು ರೋಹು’ಗಳ ಕಥೆ ಬಹುಮಟ್ಟಿಗೆ ಇದೇ.

ಬಣ್ಣದ ಕೆಂಪೋ ರಕ್ತದ ಕೆಂಪೋ ಎಂದು ಬಿಡಿಸುವುದು ಹೀಗೆ. ಬಣ್ಣದ ಕೆಂಪು ಹುರುಪೆಗಳ ಸಾಲನ್ನು ಅನುಸರಿಸುತ್ತದೆ, ಸಾಮಾನ್ಯವಾಗಿ ಎರಡೂ ಪಕ್ಕದಲ್ಲಿ ಹೆಚ್ಚುಕಡಿಮೆ ಒಂದೇ. ರಕ್ತದ ಕೆಂಪು ಈಜುರೆಕ್ಕೆಯ ಬುಡ, ಹೊಟ್ಟೆಯ ಅಡಿ, ಗುದದ ಸುತ್ತ ಸೇರಿಕೊಳ್ಳುತ್ತದೆ, ಅಂಚು ಹರಡಿದಂತಿರುತ್ತದೆ. ಬಹಳ ಹೊತ್ತು ಸೆಣಸಿದ ಮೀನಿನ ಹೊಟ್ಟೆ ತಾತ್ಕಾಲಿಕವಾಗಿ ಕೆಂಪೇರುವುದೂ ಉಂಟು. ಹಾಗಾಗಿ ಐದು ನಿಮಿಷ ನೀರಲ್ಲೇ ಬುಟ್ಟಿಯಲ್ಲಿಟ್ಟು ಮತ್ತೆ ನೋಡಿ. ಕೆಂಪು ಚುಕ್ಕೆ ನಡುವೆ ಹುಣ್ಣಾಗಿ ಒಳಗಿನ ಮಾಂಸ ಕಾಣುತ್ತಿದ್ದರೆ, ಅದೂ ಚಳಿಗಾಲದಲ್ಲಿ ಕೊರಮೀನಿನ ಮೇಲೆ ಕಂಡರೆ, ಹುಣ್ಣು ರೋಗದ ಅನುಮಾನ ಪಡಿ. ಅಫಾನೊಮೈಸಿಸ್ ಎಂಬ ಬೂಷ್ಟಿನಂಥ ಜೀವಿ ತರುವ ಈ ರೋಗ ಭಾರತಕ್ಕೆ ಕಾಲಿಟ್ಟದ್ದು 1988ರಲ್ಲಿ. ಅಂಥ ಮೀನನ್ನು ತಿನ್ನಬೇಡಿ, ಬೇರೆ ನೀರಿಗೆ ಒಯ್ಯಬೇಡಿ, ಆ ದಿನ ಬಳಸಿದ ಬಲೆ ಮತ್ತು ಚಾಪೆಯನ್ನು ಬಿಸಿಲಲ್ಲಿ ಪೂರ್ತಿ ಒಣಗಿಸದೆ ಬೇರೆ ಕೆರೆಗೆ ಇಳಿಸಬೇಡಿ. ನಗರದೊಳಗಿನ ಮುಳಾ-ಮುಠಾ ಮೀನಿನ ಮಾತು ಬೇರೆಯೇ. ಕೊಳಚೆ ನೀರು ಸೇರುವ ಜಾಗದಲ್ಲಿ ಹಿಡಿದ ಮೀನು ಯಾವ ಬಣ್ಣದ್ದಾದರೂ ಸಾರಿಗೆ ಬೇಡ.

ಇಷ್ಟೆಲ್ಲ ಕಳೆದು, ದೇಹವಿಡೀ ಸಮನಾದ ಹೊಂಬಣ್ಣ, ಬೆನ್ನಿನ ಕಪ್ಪೇ ಇಲ್ಲ, ಪಾಪೆ ಮಾತ್ರ ಕಪ್ಪು, ಜಾತಿ ಸ್ಥಳೀಯದ್ದು ಎಂದಾದರೆ, ಆಗ ಅದು ಹಳದಿ ಮಾತ್ರ ಉಳಿದ ಜ್ಯಾಂಥಿಸಂ ಇರಬಹುದು. ಬರೆದಿಡಲು ತಕ್ಕ ಮೀನು.

ಕಪ್ಪು ಮತ್ತು ನೀಲಿ

ಮೈಯೆಲ್ಲ ಕಪ್ಪು, ಗಂಟಲಿನಡಿ ಬಿಳಿ, ಬಾಲ ಮತ್ತು ಬೆನ್ನಿನ ರೆಕ್ಕೆಯ ಅಂಚು ಕೆಂಪು: ಇದು ಬೆದೆಯಲ್ಲಿರುವ ಗಂಡು ಮೊಜಾಂಬಿಕ್ ತಿಲಾಪಿಯಾ. 1952ರಲ್ಲಿ ಭಾರತಕ್ಕೆ ಬಂದ ಮೀನು, ಈಗ ಎಲ್ಲೆಲ್ಲೂ ಇದೆ. ತಳದಲ್ಲಿ ಬಾಣಲೆಯಂಥ ಗುಳಿ ತೋಡಿ ಕೂತಿರುತ್ತದೆ. ಅದೇ ಗಂಡು ಸೋತು ಓಡಿಹೋದರೆ ಅರ್ಧ ಗಂಟೆಯೊಳಗೆ ಬೂದಿಬಣ್ಣಕ್ಕೆ ತಿರುಗುವುದೂ ಉಂಟು.

ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಚರ್ಮದಡಿ ಹುದುಗಿದ್ದು, ಉಗುರಿನಿಂದ ಸವರಿದರೂ ಹೋಗದಿದ್ದರೆ ಕಪ್ಪುಚುಕ್ಕೆ ರೋಗ. ಚಪ್ಪಟೆ ಹುಳದ ಮರಿ ಚರ್ಮದೊಳಗೆ ಹೊಕ್ಕು ಗೂಡು ಕಟ್ಟಿಕೊಳ್ಳುತ್ತದೆ, ಮೀನು ಆ ಗೂಡಿನ ಸುತ್ತ ಮೆಲನಿನ್ ಕೂಡಿಹಾಕುತ್ತದೆ. ಹುಳದ ಬದುಕು ಬಸವನಹುಳು, ಮೀನು, ಮೀನು ತಿನ್ನುವ ಹಕ್ಕಿ ಎಂದು ಮೂರು ಮನೆ ಸುತ್ತುತ್ತದೆ. ಹಾಗಾಗಿ ಬಸವನಹುಳು ಹೆಚ್ಚಿರುವ ಕಳೆ ತುಂಬಿದ ಆಳವಿಲ್ಲದ ಅಂಚಿನಲ್ಲಿ ಇದು ಜಾಸ್ತಿ. ಚೆನ್ನಾಗಿ ಬೇಯಿಸಿದರೆ ತಿನ್ನುವವರಿಗೆ ತೊಂದರೆಯಿಲ್ಲ, ನೋಡಲು ಮಾತ್ರ ಹಿಡಿಸುವುದಿಲ್ಲ.

ನೀಲಿ ಮೀನು ಅತಿ ಅಪರೂಪ. ಹಳದಿ ಕೋಶ ಇಲ್ಲದಿದ್ದರೆ ಹಸಿರಾಗಿ ಕಾಣಬೇಕಾದ ಮೈ ನೀಲಿಯಾಗುತ್ತದೆ. ಆದರೆ ನೀಲಿ ಚರ್ಮದಲ್ಲೇ ಇರಬೇಕೆಂದಿಲ್ಲ, ಲೋಳೆಯಲ್ಲೂ ಇರಬಹುದು. ಕೆನಡಾದ ವಾಲ್‌ಐ ಮೀನಿನ ನೀಲಿ ಲೋಳೆಯಲ್ಲಿರುವ ಪ್ರೋಟೀನಿನ ರಚನೆಯನ್ನು ಬಿಡಿಸಿದ 2016ರ ಅಧ್ಯಯನದಲ್ಲಿ ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯವರೂ ಇದ್ದರು. ಪಿತ್ತರಸದ ಬಣ್ಣವೊಂದನ್ನು ಹಿಡಿದಿಟ್ಟುಕೊಂಡ ಪ್ರೋಟೀನ್ ಅದು. ಆದ್ದರಿಂದ ನೀಲಿ ಕಂಡರೆ ಒಂದು ಬಿಳಿ ಟಿಶ್ಯೂವನ್ನು ಒದ್ದೆ ಮಾಡಿ ಬೆನ್ನಿನ ಮೇಲೆ ಒಮ್ಮೆ ಮಾತ್ರ ಮೆಲ್ಲಗೆ ತಾಗಿಸಿ. ಟಿಶ್ಯೂಗೆ ಬಣ್ಣ ಬಂದರೆ ಅದು ಲೋಳೆಯದು. ಒರೆಸಬೇಡಿ, ಲೋಳೆ ಹೋದರೆ ರೋಗಕ್ಕೆ ಬಾಗಿಲು ತೆರೆದಂತೆ.

ಬಣ್ಣ ಬೇರೆ ಅಲ್ಲ, ಮೀನೇ ಬೇರೆ

ಮಹಶೀರ್ ವಿಷಯದಲ್ಲಿ ಬಣ್ಣದ ಟಿಪ್ಪಣಿ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ಕಾವೇರಿಯೇ ಸಾಕ್ಷಿ. ಟಾರ್ ಖುದ್ರಿ, ಅಂದರೆ ದಖ್ಖನಿನ ನೀಲಿರೆಕ್ಕೆ ಮಹಶೀರ್‌ಗೆ ಕರ್ನಲ್ ಸೈಕ್ಸ್ 1839ರಲ್ಲಿ ಹೆಸರಿಟ್ಟದ್ದು ಇದೇ ಪುಣೆಯ ಮುಳಾ-ಮುಠಾದಲ್ಲಿ ಸಿಕ್ಕ ಮೀನು ನೋಡಿ. ಲೋಣಾವಳಾದ ವಳವಣದಲ್ಲಿ ಟಾಟಾ ಪವರ್‌ನ ಮರಿ ಕೇಂದ್ರದಲ್ಲಿ ಅದರ ಮರಿಗಳನ್ನು ಮಾಡಿ ದೇಶದ ಹಲವು ನೀರಿಗೆ ಹಂಚಿದರು, ಕಾವೇರಿಗೂ ಹೋದವು. ಕಾವೇರಿಯ ಮೂಲ ನಿವಾಸಿ ಡುಬ್ಬದ ಮಹಶೀರ್‌ನ ಈಜುರೆಕ್ಕೆ ಕಿತ್ತಳೆ ಛಾಯೆಯದು. ಹೊಸಬನದು ನೀಲಿ-ಬೂದು. ಬಹಳ ಕಾಲ ಇದನ್ನು ‘ಒಂದೇ ಮೀನಿನ ಎರಡು ಬಣ್ಣ’ ಎಂದೇ ಅನೇಕರು ತಿಳಿದಿದ್ದರು. ಕಾವೇರಿಯ ಗಾಳದ ಶಿಬಿರಗಳಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ತೆಗೆದು ನೋಡಿದಾಗ ನೀಲಿರೆಕ್ಕೆಯದು ಹೆಚ್ಚುತ್ತ, ಡುಬ್ಬದ್ದು ಕುಸಿಯುತ್ತ ಹೋದದ್ದು ಕಂಡಿತು. ಡುಬ್ಬದ ಮೀನು ಟಾರ್ ರೆಮಾದೇವಿ ಎಂಬ ಬೇರೆಯದೇ ಜಾತಿ ಎಂದು 2018ರಲ್ಲಿ ಖಚಿತವಾಯಿತು. ಗಾಳದವರು ತೂಕದ ಜೊತೆಗೆ ಮೀನಿನ ಬಣ್ಣವನ್ನೂ ಬರೆದಿಟ್ಟಿದ್ದರಿಂದಲೇ ಆ ಏರಿಳಿತ ಕಂಡದ್ದು.

ಹಾಗಾಗಿ ಮಹಶೀರ್ ಸಿಕ್ಕರೆ ‘ಗೋಲ್ಡನ್’ ಎಂದು ಬರೆದು ಮುಗಿಸಬೇಡಿ. ಗೋಲ್ಡನ್ ಮಹಶೀರ್ ಎಂಬ ಹೆಸರಿನ ಜಾತಿ ಹಿಮಾಲಯದ ನದಿಗಳದು. ನೀವು ಬರೆಯಬೇಕಾದದ್ದು: ಬೆನ್ನಿನ ರೆಕ್ಕೆ, ಎದೆಯ ರೆಕ್ಕೆ, ಬಾಲ, ಪ್ರತಿಯೊಂದರ ಬಣ್ಣ, ಬೆನ್ನಿನ ರೆಕ್ಕೆಯ ಮುಂದೆ ಡುಬ್ಬ ಇದೆಯೋ ಇಲ್ಲವೋ, ತುಟಿ ದಪ್ಪವೋ ತೆಳುವೋ, ಪಕ್ಕದ ಗೆರೆಯುದ್ದಕ್ಕೂ ಎಷ್ಟು ಹುರುಪೆ. ಎಣಿಸಲು ಫೋಟೋ ಸಾಕು, ಮೀನನ್ನು ಹಿಡಿದುಕೊಂಡು ಎಣಿಸುತ್ತ ಕೂರಬೇಡಿ.

ನೀರಿನ ಅಳತೆ: ಒಂದು ಸ್ಟೀಲ್ ತಟ್ಟೆ ಸಾಕು

ನೀರು ಎಷ್ಟು ತಿಳಿಯಿತ್ತು ಎಂದು ಬರೆಯದ ಬಣ್ಣದ ಟಿಪ್ಪಣಿಗೆ ಬೆಲೆ ಕಡಿಮೆ. ಇದಕ್ಕೆ ಸೆಕ್ಕಿ ತಟ್ಟೆ ಎಂಬ ಸಾಧನವಿದೆ, ಮನೆಯಲ್ಲೇ ಆಗುತ್ತದೆ. 20 ಸೆಂಟಿಮೀಟರ್ ಅಗಲದ ಚಪ್ಪಟೆ ಸ್ಟೀಲ್ ತಟ್ಟೆ, ಹಳೆಯದೇ ಆಗಲಿ, ತೆಗೆದುಕೊಂಡು ಸ್ಯಾಂಡ್‌ಪೇಪರ್‌ನಿಂದ ಹೊಳಪು ತೆಗೆಯಿರಿ. ನಾಲ್ಕು ಭಾಗ ಮಾಡಿ ಎದುರುಬದುರು ಎರಡಕ್ಕೆ ಕಪ್ಪು, ಎರಡಕ್ಕೆ ಬಿಳಿ ಮ್ಯಾಟ್ ಪೇಂಟ್. ನಡುವೆ ತೂತು ಕೊರೆದು ಕೊಕ್ಕೆಬೋಲ್ಟ್ ಹಾಕಿ, ಕೆಳಗಡೆ ಅರ್ಧ ಕಿಲೋ ತೂಕದ ಕಬ್ಬಿಣದ ತುಂಡು ಬಿಗಿಯಿರಿ. ಹೆಣೆದ ನೈಲಾನ್ ಹಗ್ಗ 4 ಮೀಟರ್, ಪ್ರತಿ 10 ಸೆಂಟಿಮೀಟರ್‌ಗೆ ಮಾರ್ಕರ್ ಗೆರೆ, ಪ್ರತಿ ಅರ್ಧ ಮೀಟರ್‌ಗೆ ಬಣ್ಣದ ದಾರದ ಗಂಟು. ಹತ್ತಿ ಹಗ್ಗ ಬೇಡ, ಒದ್ದೆಯಾದರೆ ಕುಗ್ಗಿ ಲೆಕ್ಕ ತಪ್ಪುತ್ತದೆ.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ದೋಣಿಯ ಅಥವಾ ಕಟ್ಟೆಯ ನೆರಳಿನ ಕಡೆಯಿಂದ ಇಳಿಸಿ. ತಟ್ಟೆ ಕಣ್ಮರೆಯಾದ ಅಳತೆ ಒಂದು, ಮೇಲೆತ್ತುವಾಗ ಮತ್ತೆ ಕಂಡ ಅಳತೆ ಇನ್ನೊಂದು, ಎರಡರ ಸರಾಸರಿ ಬರೆಯಿರಿ. ತಪ್ಪಾಗುವುದು ಮೂರು ಕಾರಣಕ್ಕೆ: ಪ್ರವಾಹಕ್ಕೆ ಹಗ್ಗ ಓರೆಯಾಗುವುದು (ತೂಕ ಹೆಚ್ಚಿಸಿ), ತಂಪು ಕನ್ನಡಕ ಹಾಕಿಕೊಂಡೇ ನೋಡುವುದು, ತಳ ತಾಗಿದ್ದನ್ನು ಕಣ್ಮರೆ ಎಂದು ಭ್ರಮಿಸುವುದು. ನಮ್ಮ ಅಂದಾಜಿನಲ್ಲಿ ಅಳತೆ 30 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದ ದಿನ ಬಿಳಿಚಿದ ಮೀನಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೀರಿನ ಉಷ್ಣತೆಯನ್ನೂ ಒಂದು ಸಾದಾ ಥರ್ಮಾಮೀಟರ್‌ನಿಂದ, ಮೊಣಕೈ ಆಳದಲ್ಲಿ ಒಂದು ನಿಮಿಷ ಹಿಡಿದು ಬರೆದುಕೊಳ್ಳಿ.

ಫೋಟೋ

ಬೆಳ್ಳಿ ಹೊಟ್ಟೆಯ ಮೀನು ಕನ್ನಡಿ. ಕೆಂಪು ಅಂಗಿ ಹಾಕಿಕೊಂಡು ಹಿಡಿದರೆ ಗುಲಾಬಿ ಮೀನು, ನೀಲಿ ತಾಡಪಾಲಿನ ಮೇಲಿಟ್ಟರೆ ನೀಲಿ ಮೀನು, ಕಿತ್ತಳೆ ಲೈಫ್ ಜಾಕೆಟ್ ಇದ್ದರಂತೂ ಹೊಂಬಣ್ಣದ ಮಹಶೀರ್ ತಯಾರ್. ಬಹುಪಾಲು ‘ಅಪರೂಪ’ಗಳ ಮೂಲ ಇಲ್ಲಿದೆ. ಬೂದುಬಣ್ಣದ ಚಾಪೆ ಇಟ್ಟುಕೊಳ್ಳಿ (ಯೋಗದ ಚಾಪೆಯಾದರೂ ಸರಿ, ಪೂರ್ತಿ ಒದ್ದೆಯಾಗಿರಬೇಕು), ಅಂಗಿಯೂ ಬೂದಿಯೋ ಖಾಕಿಯೋ ಆಗಿರಲಿ.

ಎಲ್ಲವನ್ನೂ ಮೊದಲೇ ಸಿದ್ಧ ಮಾಡಿಟ್ಟು ಕೊನೆಗೆ ಮೀನು ಎತ್ತಬೇಕು. ಆ ತನಕ ಅದು ನೀರೊಳಗೆ, ಗಂಟಿಲ್ಲದ ಬಲೆಯ ಬುಟ್ಟಿಯಲ್ಲಿ. ಚಾಪೆಯನ್ನು ನೆರಳಲ್ಲಿ ಹಾಸಿ, ಅಂಚಿಗೆ ಟೈಲರ್ ಟೇಪ್ ಚಾಚಿ, ಲ್ಯಾಮಿನೇಟ್ ಮಾಡಿದ ಬೂದು ಕಾರ್ಡ್ ಮತ್ತು ಬಿಳಿ ಕಾಗದದ ತುಂಡು ಪಕ್ಕದಲ್ಲಿಡಿ. ಲ್ಯಾಮಿನೇಷನ್ ಹೊಳೆಯುವಂಥದ್ದಲ್ಲ, ಮ್ಯಾಟ್. ಮೊಬೈಲ್‌ನಲ್ಲಿ ಫ್ಲ್ಯಾಶ್, ಬ್ಯೂಟಿ, ಎಚ್‌ಡಿಆರ್ ಎಲ್ಲ ಬಂದ್. ಪರದೆಯ ಮೇಲೆ ಬೂದು ಕಾರ್ಡನ್ನು ಒತ್ತಿಹಿಡಿದು ಬೆಳಕನ್ನು ಲಾಕ್ ಮಾಡಿ. ಕೈ ಒದ್ದೆ ಮಾಡಿ ಎತ್ತಿ, ಎಡಪಕ್ಕ ಒಂದು, ಬಲಪಕ್ಕ ಒಂದು, ಕಣ್ಣು ಹತ್ತಿರದಿಂದ ಒಂದು, ರೆಕ್ಕೆ ಬಿಡಿಸಿ ಒಂದು. ಒಂದು ಸಲಕ್ಕೆ ಹತ್ತು ಸೆಕೆಂಡು ಹೊರಗೆ, ಮತ್ತೆ ನೀರಿಗೆ. ಒಟ್ಟು ಅರ್ಧ ನಿಮಿಷ ದಾಟಬಾರದು. ಏಪ್ರಿಲ್-ಮೇ ಬಿಸಿಲಿನಲ್ಲಿ ಮೇಲ್ಮೈ ನೀರು ಬಿಸಿಯಾಗಿ ಪ್ರಾಣವಾಯು ಕಡಿಮೆಯಿರುವ ಮಧ್ಯಾಹ್ನಗಳಲ್ಲಿ ಎರಡೇ ಫೋಟೋ ಸಾಕು. ಇನ್ನೊಂದು ಫೋಟೋ ಬಿಟ್ಟುಬಿಡುವ ಮುನ್ನ, ನೀರೊಳಗಿದ್ದಂತೆಯೇ. ಮೊದಲದ್ದಕ್ಕೂ ಇದಕ್ಕೂ ಬಣ್ಣ ಬದಲಾಗಿದ್ದರೆ ಅದು ಗಾಬರಿಯ ಬಣ್ಣ ಎಂಬ ಉತ್ತರ ನಿಮ್ಮ ಕೈಯಲ್ಲೇ ಇದೆ.

ಅನುಮಾನ ಉಳಿದರೆ: ಎರಡು ಬಕೆಟ್

ಇದು ಅಂಗೈ ಉದ್ದದ ತಿಲಾಪಿಯಾದಂಥ ಗಟ್ಟಿ ಜೀವಕ್ಕೆ ಮಾತ್ರ. ಮಹಶೀರ್‌ಗೆ, ದೊಡ್ಡ ಗೆಂಡೆಗೆ ಬೇಡವೇ ಬೇಡ. 15 ಲೀಟರಿನ ಎರಡು ಬಕೆಟ್, ಒಂದು ಒಳಗೆ ಕಪ್ಪು, ಇನ್ನೊಂದು ಬಿಳಿ. ಎರಡಕ್ಕೂ ಅದೇ ಕೆರೆಯ ನೀರು ಮುಕ್ಕಾಲು ತುಂಬಿ, ಬ್ಯಾಟರಿ ಏರೇಟರ್ ಹಾಕಿ ನೆರಳಲ್ಲಿಡಿ. ನಲ್ಲಿ ನೀರು ಬೇಡ, ಅದರಲ್ಲಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಮೇಲೆ ಬಲೆ ಮುಚ್ಚಿ, ಇಲ್ಲವಾದರೆ ಹಾರುತ್ತದೆ. ಬಿಳಿಯಲ್ಲಿ 20 ನಿಮಿಷ, ಫೋಟೋ. ಕಪ್ಪಿನಲ್ಲಿ 20 ನಿಮಿಷ, ಫೋಟೋ. ಬಣ್ಣ ಸ್ಪಷ್ಟವಾಗಿ ಬದಲಾದರೆ ಅದು ಹಿನ್ನೆಲೆಗೆ ಹೊಂದಿಕೊಂಡ ಬಣ್ಣ. ಒಂದಿಷ್ಟೂ ಬದಲಾಗದಿದ್ದರೆ ಕಣ್ಣು ಕಾಣದಿರಬಹುದು, ಅಥವಾ ಮೆಲನಿನ್ ಇಲ್ಲದಿರಬಹುದು. ಕಣ್ಣಿನ ಟಿಪ್ಪಣಿ ಈಗ ಕೆಲಸಕ್ಕೆ ಬರುತ್ತದೆ.

ಯಾರಿಗೆ ತೋರಿಸುವುದು, ಏನು ಕೊಡುವುದು

ಪುಣೆಯಲ್ಲಿರುವವರಿಗೆ ಅನುಕೂಲವಿದೆ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಆಕುರ್ಡಿಯಲ್ಲಿದೆ. ಮುಂಬೈಯಲ್ಲಿರುವವರಿಗೆ ವರ್ಸೋವಾದ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ. ಫೋಟೋ, ದಿನಾಂಕ, ಹೊತ್ತು, ಆಳ, ನೀರಿನ ಉಷ್ಣತೆ, ತಟ್ಟೆಯ ಅಳತೆ, ಗಾಳಕ್ಕೆ ಹಾಕಿದ ಆಹಾರ, ಅದೇ ದಿನ ಸಿಕ್ಕ ಮಾಮೂಲಿ ಬಣ್ಣದ ಮೀನಿನ ಒಂದು ಫೋಟೋ, ಇಷ್ಟು ಕೊಟ್ಟರೆ ನಿಮ್ಮನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಬಲೆಯಲ್ಲಿ ಉದುರಿದ ಹುರುಪೆ ಎರಡು-ಮೂರು ಇದ್ದರೆ ಕಾಗದದ ಕವರಿನಲ್ಲಿ ಒಣಗಿಸಿ ಇಡಿ, ಮೀನಿನ ಮೈಯಿಂದ ಕೀಳಬೇಡಿ. ಮೀನು ಸತ್ತೇಹೋಗಿದ್ದರೆ ಮೊದಲು ಫೋಟೋ, ಆಮೇಲೆ ಜಿಪ್ ಕವರ್, ಫ್ರೀಜರ್. ಫಾರ್ಮಲಿನ್‌ಗೆ ಹಾಕಿದರೆ ಬಣ್ಣವೂ ಮಾಸುತ್ತದೆ, ಡಿಎನ್‌ಎ ಕೂಡ ಕೆಡುತ್ತದೆ. ಮಹಶೀರ್ ಸಿಕ್ಕ ಜಾಗದ ನಿಖರ ಗುರುತನ್ನು ವಿಜ್ಞಾನಿಗೆ ಕೊಡಿ, ವಾಟ್ಸಾಪ್ ಗುಂಪಿಗೆ ಬೇಡ. ಮುಂದಿನ ಭಾನುವಾರ ಅಲ್ಲಿ ಹತ್ತು ಗಾಳ ಬಿದ್ದಿರುತ್ತವೆ.

ಬಿಡುವಾಗ ಮೀನಿನ ಮೂತಿ ಹರಿವಿಗೆ ಎದುರಾಗಿರಲಿ. ಬಾಲದ ಬುಡ ಹಿಡಿದು ಹೊಟ್ಟೆಗೆ ಕೈ ಆಸರೆ ಕೊಟ್ಟು ನಿಲ್ಲಿಸಿ, ಹಿಂದಕ್ಕೂ ಮುಂದಕ್ಕೂ ಜಗ್ಗಬೇಡಿ. ತಾನಾಗಿ ಒದ್ದುಕೊಂಡು ಹೋಗುವವರೆಗೆ ಕಾಯಿರಿ. ಕೊಯಿ, ಗೋಲ್ಡ್‌ಫಿಶ್, ಕೆಂಪು ತಿಲಾಪಿಯಾ, ಸಕ್ಕರ್ ಮೀನು ಎಷ್ಟೇ ಚೆಂದ ಕಂಡರೂ ಬೇರೆ ಕೆರೆಗೆ ಒಯ್ದು ಬಿಡಬಾರದು. ಬಿಳಿಯೋ ಮಚ್ಚೆಮಚ್ಚೆಯೋ ಆದ ದೊಡ್ಡ ಆಫ್ರಿಕನ್ ಮಾಗುರ್ ಸಿಕ್ಕರೆ ಅದು ಸಾಕಲು ನಿಷೇಧವಿರುವ ಮೀನು, ಜೀವಂತ ಸಾಗಿಸಲೇಬೇಡಿ, ಮೀನುಗಾರಿಕೆ ಇಲಾಖೆಗೆ ತಿಳಿಸಿ.

ಹುಟ್ಟುಮಚ್ಚೆಯ ಮೀನಿನ ಎಡಪಕ್ಕದ ಫೋಟೋವನ್ನು ಮೊಬೈಲಿನಿಂದ ಅಳಿಸಬೇಡಿ. ಹುಟ್ಟಿನ ಮಚ್ಚೆ ಜಾಗ ಬದಲಿಸುವುದು ಕಡಿಮೆ. ವರ್ಷದ ಮೇಲೆ ಅದೇ ದಡದಲ್ಲಿ ಮತ್ತೊಂದು ಬಿಳಿ ಮಚ್ಚೆಯದು ಸಿಕ್ಕಾಗ, ಹಳೆಯ ಫೋಟೋ ಪಕ್ಕದಲ್ಲಿಟ್ಟು ಬೆನ್ನಿನ ರೆಕ್ಕೆಯಡಿಯ ಮೊದಲ ಮಚ್ಚೆಯಿಂದ ಹೋಲಿಸುತ್ತ ಬನ್ನಿ. ಅದೇ ಮೀನೇ ಆಗಿದ್ದರೆ ಎರಡು ಟೇಪಿನ ಅಳತೆ ಕಳೆದು ಅದು ಎಷ್ಟು ಬೆಳೆದಿದೆ ಎಂದು ಅದೇ ಪುಟದಲ್ಲಿ ಬರೆಯಬಹುದು.